ನಮ್ಮ ಮನೆಯ ಮೇಲಿನ ನೀರು

9 ಫೆಬ್ರುವರಿ 2003, ಬೆಳಿಗ್ಗೆ

ಮೀನಿಗೆ ಹಾಕುವ ಬರ್ಫ ತಂದೆ. ಸವದತ್ತಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಕಾಲುಭಾಗ ಕರಗಿ ಎಂ-80 ಗಾಡಿಯ ಹಿಂದೆ ಸೋರಿತ್ತು. ಫ್ಯಾಕ್ಟರಿಯವನು ಗಟ್ಟಿ ಬರ್ಫ ಬೇರೆಯವರಿಗೆ ಕೊಟ್ಟು ನನಗೆ ಅರೆಬರೆ ಹಾಕುತ್ತಾನೆ ಅಂತ ಅನುಮಾನ. ಹೆಂಡತಿ ಅಂಬರೀನ ನಗುತ್ತಾಳೆ. “ನೀವು ಬಿಸಲಿನ ಮ್ಯಾಲೂ ಸಂಶೆ ಮಾಡವರರಿ.” ನಗಲಿ. ಮೀನು ಕೆಟ್ಟರೆ ಬೈಸಿಕೊಳ್ಳುವವನು ನಾನು.

ಬೆಳಗಾವಿಯ ಹೋಟೆಲಿನವನಿಗೆ ಈಗ ರೋಹು, ಕಟ್ಲಾ ಸಾಕಾಯಿತಂತೆ. ಹಾವುಮೀನು ಬೇಕಂತೆ. ಇಲ್ಲಿ ಅದನ್ನು ಕೇಳುವವರೇ ಇಲ್ಲ. ಬಲೆಗೆ ಬಂದರೆ ಹಾವೇ ಅಂತ ಹೆದರಿ ಹೊರಗೆಸೆಯುತ್ತಾರೆ. ಅದಿರುವುದು ಕಲ್ಲುಸಂದಿಯಲ್ಲಿ. ಈ ಹಿನ್ನೀರಿನ ತಳದಲ್ಲಿ ಕಲ್ಲು ಅಂದರೆ ಡ್ಯಾಮಿಗೆ ಮುಳುಗಿದ ನಮ್ಮ ಹಳೇ ಊರು, ಅಷ್ಟೇ.

ಊರು ಮುಳುಗಿದರೂ ಯಾರ ಮನೆ ಅವರದೇ. ಅವರನ್ನು ಕೇಳದೆ ಅದರ ಮೇಲೆ ಯಾರೂ ಗಾಳ ಬಿಡುವುದಿಲ್ಲ. ಗುಡಿಯ ಮೇಲೆ, ಖಬರಸ್ತಾನದ ಮೇಲೆ ಅಂತೂ ಕೇಳಿದರೂ ಇಲ್ಲ. ನಮ್ಮ ಮನೆ ಎಲ್ಲಿ ಅಂತ ಕಣ್ಣು ಮುಚ್ಚಿ ತೋರಿಸಬಲ್ಲೆ. ಊರು ಬಿಟ್ಟಾಗ ನಾನು ಸಣ್ಣವ. ಆಮೇಲೆ ಅಬ್ಬಾ ಶುಕ್ರವಾರದ ನಮಾಜು ಮುಗಿಸಿ ದಂಡೆಗೆ ಬಂದು ಕೂತು ಒಂದೇ ಕಡೆ ನೋಡುತ್ತಿದ್ದರು — ಆಚೆ ದಂಡೆಯ ಬನ್ನಿಗಿಡದ ನೇರಕ್ಕೆ. ಸಾಯುವ ವರ್ಷದವರೆಗೂ.

ಆ ಜಾಗ ಪರಸಪ್ಪ ಕಾಕಾಗೆ ಕೊಟ್ಟೆ. ಅಬ್ಬಾನ ಗೆಳೆಯ. ಹಳೇ ಊರಿನವರಲ್ಲಿ ಇನ್ನೂ ಹರಗೋಲು ಹಾಕುವವನು ಅವನೊಬ್ಬನೇ. “ನಮ್ಮ ಮನಿ ಮ್ಯಾಲ ಗಾಳ ಬಿಡು ಕಾಕಾ” ಅಂದೆ. ಹೂಂ ಅಂದ. ನನ್ನ ಮುಖ ನೋಡಲಿಲ್ಲ.

17 ಫೆಬ್ರುವರಿ

ಕಾಕಾ ತಂದ ಹಾವುಮೀನು ನೋಡಿ ನಗು ಬಂತು. ಬೆರಳಿನಷ್ಟು ದಪ್ಪ ಇಲ್ಲ. ಬುಟ್ಟಿಯೂ ಅರ್ಧ. ನಮ್ಮ ಮನೆ ಮೇಲೇ ಬಿಟ್ಟೆಯಾ ಅಂದರೆ — “ಅಲ್ಲೇ ಬಿಟ್ಟೇನೋ ತಮ್ಮಾ.”

ಸುಳ್ಳು. ಹರಗೋಲು ಬಂದದ್ದು ಬಲಗಡೆಯಿಂದ. ನಾನು ನೋಡಿದ್ದೇನೆ.

26 ಫೆಬ್ರುವರಿ, ಸಂಜೆ

ದಂಡೆಯ ಜಾಲಿಗಿಡದ ಹಿಂದೆ ಕೂತು ಕಾದೆ. ಕಾಕಾ ಬನ್ನಿಗಿಡದ ನೇರ ಬಂದ. ಹುಟ್ಟು ನಿಲ್ಲಿಸಿದ. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಬಲಕ್ಕೆ ತಿರುಗಿಸಿಕೊಂಡು ಹೋಗಿ ಅಲ್ಲಿ ಗಾಳ ಇಳಿಸಿದ.

ನಮ್ಮ ಮನೆಯ ಬಲಕ್ಕೆ ಖಬರಸ್ತಾನ. ನನ್ನ ಅಮ್ಮಾ ಕಾಶಿಂಬಿ ಇರುವುದು ಅಲ್ಲೇ. ಊರು ಮುಳುಗುವ ಮೊದಲೇ ಹೋದವಳು. ಮುಖ ಕೂಡ ನೆನಪಿಲ್ಲ.

ಅಬ್ಬಾನ ಜೊತೆ ಒಂದೇ ಬೀಡಿ ಹಂಚಿಕೊಂಡು ಸೇದಿದವನು ಇವನು. ಅಂಬರೀನಳಿಗೆ ಹೇಳಿದೆ. “ಮೊದಲ ಕೇಳ್ರಿ. ಕೇಳದನ ಸಿಟ್ಟಾಗಬ್ಯಾಡ್ರಿ” ಅಂದಳು. ಕೇಳುವುದೇನಿದೆ. ಕಣ್ಣಾರೆ ಕಂಡದ್ದು.

27 ಫೆಬ್ರುವರಿ

ಕೇಳಿದೆ. ದಂಡೆಯ ಮೇಲೆ, ಎಲ್ಲರ ಮುಂದೆ. “ಖಬರಸ್ತಾನದ ಮ್ಯಾಲ ಗಾಳ ಬಿಡತಿ ಏನೋ ನೀ?” ವಯಸ್ಸಿನಲ್ಲಿ ದೊಡ್ಡವನಿಗೆ ‘ಏನೋ’ ಅಂದುಬಿಟ್ಟೆ. ಅನ್ನಿಸಿಕೊಳ್ಳಲಿ.

ಕಾಕಾ ಸುತ್ತ ನಿಂತವರನ್ನು ನೋಡಿದ. “ಬಿಟ್ಟಿಲ್ಲ. ನಮ್ಮವ್ವನ ಆಣಿ” ಅಂದ. ಕಳ್ಳನಿಗೆ ಆಣೆ ಯಾವ ಲೆಕ್ಕ. ಇವತ್ತಿನಿಂದ ನಿನ್ನ ಮೀನು ಬೇಡ, ನಮ್ಮ ಜಾಗ ಕಲ್ಮೇಶನಿಗೆ ಕೊಡುತ್ತೇನೆ ಅಂದೆ. ಕಲ್ಮೇಶ ಮುನವಳ್ಳಿ ಕಡೆಯ ಹುಡುಗ, ಹೋದ ವರ್ಷ ಬಂದವನು. ಚುರುಕು.

ಆಗ ಕಾಕಾ ನನ್ನ ತೋಳು ಹಿಡಿದ. “ನನ್ನ ಮೀನ ಬಿಡು. ಆ ಜಾಗಾ ಮಾತ್ರ ಯಾರಿಗೂ ಕೊಡಬ್ಯಾಡ ತಮ್ಮಾ.”

ಹೊಟ್ಟೆಕಿಚ್ಚು! ತೋಳು ಕೊಡವಿಕೊಂಡು ಬಂದೆ.

6 ಮಾರ್ಚ್

ಕಲ್ಮೇಶ ಬುಟ್ಟಿ ತುಂಬ ತಂದಿದ್ದಾನೆ. ಒಂದೊಂದು ತೋಳುದ್ದ. “ಏನ್ ಸಂದಿ ಅದಾವ ಭಾಯಿ ನಿಮ್ಮ ಮನ್ಯಾಗ! ಎಳದರ ಗಾಳ ಕಲ್ಲಿಗೆ ಸಿಕ್ಕೊತಾವ.” ನಮ್ಮ ಅಜ್ಜ ಕಟ್ಟಿಸಿದ ಗೋಡೆ, ಸುಮ್ಮನೇ ಅಲ್ಲ ಅಂದೆ. ಎದೆ ಉಬ್ಬಿತು.

ಒಂದನ್ನು ಮನೆಗೆ ತಂದೆ. ಅಂಬರೀನ ಮುಟ್ಟಲಿಲ್ಲ. ನಾನೇ ಹೆಚ್ಚಿ, ಹುಣಸೆಹುಳಿ ಹಾಕಿ ಮಾಡಿದೆ. ನಾನು, ಮಗಳು ಸಿಮ್ರನ ಇಬ್ಬರೂ ತಿಂದೆವು. ರುಚಿ.

ಕಾಕಾ ದಂಡೆಗೆ ಬರುತ್ತಿಲ್ಲ. ನನ್ನ ಮಾತು ಊರೆಲ್ಲ ಹರಡಿದೆ. ಅವನ ಮೀನು ಯಾರೂ ಮುಟ್ಟುತ್ತಿಲ್ಲವಂತೆ. ಮಾಡಿದ್ದುಣ್ಣೋ ಮಹರಾಯ.

21 ಏಪ್ರಿಲ್

ಎಷ್ಟೋ ದಿನದಿಂದ ಬರೆದಿಲ್ಲ. ಬರ್ಫ ಸಾಲುತ್ತಿಲ್ಲ, ಅಷ್ಟು ಮೀನು. ನೀರು ಇಳಿಯುತ್ತಲೇ ಇದೆ. ಇಷ್ಟು ಇಳಿದದ್ದು ನಾನು ಕಂಡಿಲ್ಲ. ಹಳೇ ಗುಡಿಯ ಕಂಬ ಹೊರಗೆ ಬಂದಿದೆ.

ಆದರೆ ಗುಡಿ ನಾನು ಅಂದುಕೊಂಡಲ್ಲಿ ಇಲ್ಲ. ಬಹಳ ಎಡಕ್ಕಿದೆ… ನೀರಿನ ಮೇಲೆ ಕಣ್ಣು ಮೋಸ ಮಾಡುತ್ತದೆ.

ನಿದ್ದೆ ಬರುತ್ತಿಲ್ಲ.

14 ಮೇ

ನೆಲ ಕಂಡಿದೆ. ಕೆಸರು ಒಡೆದು ಬಿರುಕು ಬಿಟ್ಟಿದೆ. ಒಬ್ಬನೇ ನಡೆದು ಹೋದೆ. ಬನ್ನಿಗಿಡದ ನೇರ.

ಗೋಡೆ ಇಲ್ಲ. ಒಲೆ ಇಲ್ಲ. ಹೊಸ್ತಿಲು ಇಲ್ಲ. ಸಾಲಾಗಿ ಕಲ್ಲುಗಳು. ತಲೆಯ ಕಡೆ ಒಂದು, ಕಾಲ ಕಡೆ ಒಂದು. ಎಲ್ಲ ಒಂದೇ ದಿಕ್ಕಿಗೆ. ಕಲ್ಮೇಶನ ನೀಲಿ ನೈಲಾನ್ ದಾರ ಕಲ್ಲಿಂದ ಕಲ್ಲಿಗೆ ಸುತ್ತಿಕೊಂಡಿದೆ. ಸಂದಿಯಲ್ಲಿ ಗಾಳ.

ಬಲಕ್ಕೆ, ಕಾಕಾ ಗಾಳ ಬಿಡುತ್ತಿದ್ದಲ್ಲಿ, ಒಂದು ಮನೆ ಬಿದ್ದಿದೆ. ಕಾಕಾ ಅದರ ಕಟ್ಟೆಯ ಮೇಲೆ ಕೂತಿದ್ದ. ಅವನದೇ ಮನೆ. ಅವನು ಗಾಳ ಬಿಟ್ಟದ್ದು ತನ್ನ ಮನೆಯ ಮೇಲೆ.

ಎದ್ದು ಬಂದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಮೂರನೆಯ ಸಾಲಿನ ಒಂದು ಗೋರಿಯ ಹತ್ತಿರ ನಿಂತ. “ಇಲ್ಲೇ ಅದಾಳ ನಿಮ್ಮವ್ವ. ಈ ಕೈಲೆ ಮಣ್ಣ ಕೊಟ್ಟೇನಿ. ನಿನ್ನ ಎತಗೊಂಡಿದ್ದೆ, ಅಳತಿದ್ದಿ ನೀ.”

ಕೇಳಿದೆ — “ಯಾಕ ಹೇಳಲಿಲ್ಲ ಕಾಕಾ?”

“ಮೊದಲ ದಿನಾ ಹೇಳಬೇಕಂದೆ. ನಮ್ಮ ಮನಿ, ನಮ್ಮ ಮನಿ ಅಂತ ಅಷ್ಟ ಖುಷಿಲೆ ತೋರಸಾಕ ಹತ್ತಿದ್ದಿ. ಬಾಯಿ ಬರಲಿಲ್ಲ. ನಾ ಬಿಡದಿದ್ದರ ಆತು ಅಂದಕೊಂಡೆ. ಆಮ್ಯಾಲ ನೀ ಮಂದಿ ಮುಂದ ಕೇಳಿದಿ. ತಾಯಿ ಗೋರಿ ಮ್ಯಾಲ ಗಾಳ ಬಿಡು ಅಂದಾಂವ ಇವನ ಅಂತ ಮಂದಿ ಮುಂದ ಹ್ಯಾಂಗ ಹೇಳಲೋ?”

“ಮತ್ತ ಅಬ್ಬಾ… ಇಲ್ಲೇ ನೋಡತಿದ್ದರಲ್ಲ.”

ಕಾಕಾ ಬಗ್ಗಿ ಕಲ್ಲಿನ ದಾರ ಬಿಡಿಸತೊಡಗಿದ. ನನ್ನ ಕಡೆ ತಿರುಗದೇ ಅಂದ — “ನಿಮ್ಮಪ್ಪ ಮನಿ ನೋಡಾಕ ಬರತಿದ್ದಿಲ್ಲೋ ತಮ್ಮಾ.”

ಕೂತುಬಿಟ್ಟೆ. ಅಮ್ಮಾನ ಕಾಲ ಕಡೆ. ಗಾಳ ಬಿಡಿಸಲು ಹೋದರೆ ಬೆರಳಿಗೆ ಚುಚ್ಚಿತು. ಕಾಕಾ ಒಂದೊಂದೇ ತೆಗೆದು ತನ್ನ ಟವೆಲಿನಲ್ಲಿ ಹಾಕಿಕೊಂಡ. ಎಲ್ಲ ಬಂದವೋ ಇಲ್ಲವೋ ತಿಳಿಯದು. ಮಣ್ಣೊಳಗೆ ಎಷ್ಟು ಹೋಗಿವೆಯೋ.

ರಾತ್ರಿ

ಅಂಬರೀನ ಸಿಮ್ರನಳಿಗೆ ನಾಳೆಗೆಂದು ಹೊಸ ಲಂಗ ತೆಗೆದಿಟ್ಟಿದ್ದಾಳೆ. ನೀರು ಇಳಿದಿದೆ, ಮತ್ತೆ ಮುಳುಗುವ ಮೊದಲೊಮ್ಮೆ ಮಗಳಿಗೆ ಅಜ್ಜಿಯ ಗೋರಿ ತೋರಿಸೋಣ ಅನ್ನುತ್ತಾಳೆ. ಮಗಳು ಕುಣಿಯುತ್ತಿದ್ದಾಳೆ. “ಅಬ್ಬಾ, ದಾದಿ ಎಲ್ಲಿ ಅದಾಳ? ಎಲ್ಲಿ?” ನನ್ನ ಬೆರಳು ಹಿಡಿದು ಎಳೆಯುತ್ತಿದ್ದಾಳೆ. ನಾಳೆ ತೋರಿಸುತ್ತೇನೆ ಅಂದೆ. ಅದಕ್ಕೂ ಮೊದಲು ಅಂಬರೀನಳಿಗೆ ಹೇಳಬೇಕು, ಮಾರ್ಚಿನಲ್ಲಿ ನಾನೂ ಸಿಮ್ರನಳೂ ತಿಂದ ಮೀನು ಯಾವ ಕಲ್ಲುಸಂದಿಯದು ಅಂತ.