ನೀಲಿ ಬಳ್ಳಿಯ ಗುಡ್ಡ

ಟೆನೆಸಿ, ಏಪ್ರಿಲ್ 9

ಲೆಮ್ಯುಯೆಲ್‌ಗೆ ಒಡೆಸ್ಸಾ ಅತ್ತೆಯ ಆಶೀರ್ವಾದ.

ನೀನು ಕೌಂಟಿ ಮಂಡಳಿಯ ಅಧ್ಯಕ್ಷನಾದ ಮೇಲೆ ಅಚ್ಚು ಹಾಕಿಸಿದ ನಮ್ಮ ಕೌಂಟಿಯ ಪರಿಚಯ ಪುಸ್ತಿಕೆ ಓದಿದೆ. 'ರಾಜಧಾನಿಯಿಂದ ನಲವತ್ತೇ ನಿಮಿಷ. ತೊರೆಯ ಪಕ್ಕದ ಗುಡ್ಡ ಪೂರ್ತಿ ಖಾಲಿ, ಕಾರ್ಖಾನೆಗೆ ಸಿದ್ಧ' ಅಂತ ಬರೆದು ಕೆಳಗೆ ಸಹಿ ಬೇರೆ ಹಾಕಿದ್ದೀಯ.

ಅಳತೆಗೆ ಬಂದ ಪಟ್ಟಣದ ಸರ್ವೆಯವನು, "ಇಲ್ಲಿ ಬರೀ ಕಳೆ ಬೆಳೆದಿದೆಯಲ್ಲಜ್ಜಿ" ಅಂದ.

"ಕಳೆಯಲ್ಲಪ್ಪ. ಕಲ್ಲು ಕೆತ್ತಿಸೋ ಶಕ್ತಿ ಇಲ್ದೆ ನಮ್ಮೋರು ಗೋರಿಗಳ ಮೇಲೆ ನೆಟ್ಟ ನೀಲಿ ಹೂವಿನ ಬಳ್ಳಿ ಅದು" ಅಂದೆ.

"ಒಂದಕ್ಕೂ ಹೆಸರೇ ಇಲ್ವಲ್ಲ" ಅಂತ ನಕ್ಕ.

ಅವನಿಗೆ ಗೊತ್ತಿಲ್ಲ, ಬಿಡು. ನಿನಗೆ ಗೊತ್ತು. ಐದು ವರ್ಷದವನಿದ್ದಾಗ ನಿನ್ನ ತಂಗಿಯ ಗೋರಿಯ ಬಳ್ಳಿಗೆ ಲೋಟದಲ್ಲಿ ನೀರು ಹೊತ್ತವನು ನೀನೇ.

ಸೋಮವಾರ ಬುಲ್ಡೋಜರ್ ಬರುತ್ತಂತೆ. ಭಾನುವಾರ ಚರ್ಚ್ ಮುಗಿಸಿಕೊಂಡು ಗುಡ್ಡಕ್ಕೆ ಬಾ. ಗೂಟ, ಹಗ್ಗ ತಾ. ಬಳ್ಳಿ ಹಬ್ಬಿದಷ್ಟೂ ಜಾಗಕ್ಕೆ ಬೇಲಿ ಕಟ್ಟೋಣ. ಊಟ ನಾನು ತರುತ್ತೇನೆ.

ನೀನು ಬರದಿದ್ದರೆ ಸೋಮವಾರ ಬೆಳಿಗ್ಗೆ ನನ್ನ ಕುರ್ಚಿ ನಿನ್ನ ತಂಗಿಯ ಪಕ್ಕದಲ್ಲೇ ಇರುತ್ತೆ, ಕುರ್ಚಿಯಲ್ಲಿ ನಾನಿರುತ್ತೇನೆ. ಆಗ ಬಂದು ಗುಡ್ಡ ಖಾಲಿ ಅಂತ ಹೇಳು, ನೋಡೋಣ.

ನಿನ್ನ ದಾರಿ ಕಾಯುವ
ಒಡೆಸ್ಸಾ ಅತ್ತೆ