ಗಾಳಿಓಣಿಯ ದೂರು

ಬಿಳಿಗಲ್ಲಪುರ
ಹೊಸ ಎಣಿಕೆ ಇನ್ನೂರ ಹನ್ನೆರಡು, ಕೆಂಡಮಾಸ, ಬಹುಳ ತದಿಗೆ

ಹಿಂದಿನವರಾದ ನಿಮಗೆ ಹಂಪವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ವೈಶಾಖಕ್ಕೂ ಜ್ಯೇಷ್ಠಕ್ಕೂ ನಡುವೆ ಬಿಸಿಲು ಬೆಳೆದು ಬೆಳೆದು, ನಮ್ಮ ಹಿರಿಯರು ಅಲ್ಲೊಂದು ಹದಿಮೂರನೆಯ ತಿಂಗಳನ್ನೇ ಸೇರಿಸಿದರು. ಅದೇ ಕೆಂಡಮಾಸ. ಇಂಥ ಒಂದೆರಡು ಮಾತು ನಿಮಗೆ ವಿಚಿತ್ರ ಅನಿಸಬಹುದು, ಮನ್ನಿಸಿ. ಪುರಸಭೆ, ನೋಟಿಸು, ಸಕ್ರಮ ಎಂಬ ಮಾತುಗಳನ್ನು ಮಾತ್ರ ವಿವರಿಸಬೇಕಿಲ್ಲ ಎಂದುಕೊಂಡಿದ್ದೇನೆ. ಅವು ನಿಮ್ಮ ಕಾಲದಿಂದಲೇ ನಮಗೆ ಬಂದವಂತೆ. ಅದಕ್ಕೇ ನಿಮ್ಮನ್ನು ಕೇಳಬೇಕೆನಿಸಿತು.

ನಮ್ಮ ಊರಲ್ಲಿ ಎರಡು ಮನೆಗಳ ನಡುವೆ ಒಂದು ಸಂದಿಯನ್ನು ಬಿಡಲೇಬೇಕು. ಅದಕ್ಕೆ ಗಾಳಿಓಣಿ ಎನ್ನುತ್ತೇವೆ. ಸಂಜೆಯಾದರೆ ಹೊಳೆಯ ಕಡೆಯಿಂದ ಬರುವ ಗಾಳಿ ಈ ಸಂದಿಗಳಲ್ಲಿ ನುಗ್ಗಿ, ಕಿಟಕಿಗಳಿಂದ ಒಳಗೆ ಬರುತ್ತದೆ. ಕೆಂಡಮಾಸದಲ್ಲಿ ಮಧ್ಯಾಹ್ನವೆಲ್ಲ ಒದ್ದೆ ಗೋಣಿಚೀಲದ ಪರದೆ ಕಟ್ಟಿಕೊಂಡು ಸುಮ್ಮನೆ ಬಿದ್ದಿರುತ್ತೇವೆ. ಗಾಳಿ ಬಂದಮೇಲೆಯೇ ಒಲೆ ಹಚ್ಚುವುದು, ರೊಟ್ಟಿ ತಟ್ಟುವುದು, ಮಾತಾಡುವುದು. ನನ್ನ ಅತ್ತೆ ಈರಮ್ಮನವರಿಗೆ ಉಬ್ಬಸವಿತ್ತು. ಓಣಿ ಕಡೆಯ ಕಿಟಕಿಗೆ ಅವರ ಮಂಚ ಹಾಕಿದ್ದೆವು. ಗಾಳಿ ಬೀಸಿದ ಕೂಡಲೇ ಸೆರಗನ್ನು ಸಡಿಲಿಸಿ, "ಬಂತು ನೋಡವಾ, ನನ್ನ ತವರಿನವ್ರು ಬಂದ್ರು" ಎಂದು ನಗುತ್ತಿದ್ದರು.

ಆ ಓಣಿಗೆ ಅಡ್ಡಲಾಗಿ ಪಕ್ಕದ ಮನೆಯ ಪಂಪಾಪತಿ ಒಂದು ಕೋಣೆ ಎಬ್ಬಿಸಿದ. ಕೆಟ್ಟವನಲ್ಲ. ಒಂದೇ ಕೋಣೆಯ ಮನೆ, ಮೂವರು ಮಕ್ಕಳು. ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ನಾನು ಹೋಗಿ ಹೇಳಿದೆ.

"ಅಣ್ಣಾ, ನಮ್ಮತ್ತೆಗ ಉಸಿರಾಡಾಕ ಆಗೂದಿಲ್ಲ. ಬ್ಯಾಡ."

"ನನ್ನ ಮಕ್ಳು ಒಬ್ಬರ ಮ್ಯಾಲೊಬ್ರು ಮಲಗ್ತಾವ ತಂಗೀ. ನಾ ಏನ್ ಮಾಡ್ಲಿ?" ಎಂದ.

ಅವನ ಮಾತೂ ಸುಳ್ಳಾಗಿರಲಿಲ್ಲ. ಆದರೂ ತೊಂದರೆಗೊಳಗಾದವರು ಎಂಬಲ್ಲಿ ಅತ್ತೆಯ ಹೆಸರು ಬರೆದು ಪುರಸಭೆಗೆ ದೂರು ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಇನ್‌ಸ್ಪೆಕ್ಟರ್ ಅಂಬಣ್ಣನವರು ಬಂದರು, ಅಳೆದರು, ಗೋಡೆಯನ್ನು ತಟ್ಟಿ ನೋಡಿದರು. "ತಪ್ಪು ಅಂದ್ರ ತಪ್ಪೇ ಐತಿ. ಒಡಸ್ತೀವ್ರೀ" ಎಂದು ನೋಟಿಸು ಅಂಟಿಸಿ ಹೋದರು. ಮರುವಾರ ಆ ನೋಟಿಸಿನ ಮೇಲೆಯೇ ಗಿಲಾವು ಬಿತ್ತು. ಕಚೇರಿಗೆ ಓಡಿದೆ. ಪಂಪಾಪತಿ ಸಕ್ರಮಕ್ಕೆ ಅರ್ಜಿ ಹಾಕಿದ್ದಾನೆ, ಅದು ತೀರ್ಮಾನವಾಗುವವರೆಗೆ ಒಡೆಯುವಂತಿಲ್ಲ ಎಂದರು. ಹಾಗಾದರೆ ತೀರ್ಮಾನ ಮಾಡಿ ಎಂದೆ. ಅದರ ಮೇಲೆ ದೂರು ಇರುವಾಗ ತೀರ್ಮಾನ ಮಾಡುವಂತಿಲ್ಲ ಎಂದರು. ದೂರು ಯಾರದು ಎಂದು ಕೇಳಿದೆ. "ನಿಮ್ಮದೇ ರೀ" ಎಂದರು. ಯಾರೂ ಗದರಲಿಲ್ಲ, ಕುರ್ಚಿ ಕೊಟ್ಟರು, ನೀರು ಕೊಟ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ, ಬಂದ ಕೆಲಸ ಆಯಿತೋ ಇಲ್ಲವೋ ಎಂಬುದೇ ನನಗೆ ತಿಳಿಯಲಿಲ್ಲ.

ಮುಂದಿನ ಕೆಂಡಮಾಸಕ್ಕೆ ಅತ್ತೆಯನ್ನು ತಂಪುಮನೆಗೆ ಸೇರಿಸಬೇಕಾಯಿತು. ನೆಲದಡಿ ತೋಡಿದ, ಊರಿನ ರೋಗಿಗಳನ್ನೆಲ್ಲ ಸಾಲಾಗಿ ಮಲಗಿಸುವ ಜಾಗ ಅದು. ಅಲ್ಲಿ ಉಸಿರೇನೋ ಆಡುತ್ತಿತ್ತು. ಆದರೆ ಅವರು ಮಾತು ಬಿಟ್ಟರು. ನಾನು ಹೋದಾಗಲೆಲ್ಲ ನನ್ನ ಕೈ ಹಿಡಿದು ಕಿಟಕಿಗಾಗಿ ಸುತ್ತ ಹುಡುಕುತ್ತಿದ್ದರು. ತಂಪುಮನೆಗೆ ಕಿಟಕಿಗಳಿರುವುದಿಲ್ಲ. ಅಲ್ಲೇ ತೀರಿಕೊಂಡರು. ಮಣ್ಣಿಗೆ ಪಂಪಾಪತಿಯೂ ಬಂದು, ದೂರ ನಿಂತು, ಕಣ್ಣೊರೆಸಿಕೊಂಡು ಹೋದ. ಅವನ ಮೇಲೆ ನನಗೆ ಬಂದ ಸಿಟ್ಟನ್ನು ಈಗಲೂ ಹೇಳಲಾರೆ. ಆ ಮೇಲೆ ನಾನು ಕಚೇರಿಯ ಮೆಟ್ಟಿಲು ಹತ್ತಲಿಲ್ಲ.

ವರ್ಷಗಳು ಉರುಳಿದವು. ಪಂಪಾಪತಿಯೂ ಹೋದ. ಗಂಡುಮಕ್ಕಳು ಹಳೆಯ ಮನೆಯನ್ನು ಬೇರೆಯವರಿಗೆ ಕೊಟ್ಟು ಊರು ಬಿಟ್ಟರು. ಓಣಿಗೆ ಅಡ್ಡ ಕಟ್ಟಿದ ಕೋಣೆಯೊಂದೇ ಮಗಳು ಚಂಪಾಳ ಪಾಲಿಗೆ ಉಳಿಯಿತು. ಗಂಡ ಬಿಟ್ಟುಹೋದ ಮೇಲೆ ಅವಳು ಕೈಗೂಸಿನೊಡನೆ ಅಲ್ಲಿಗೇ ಬಂದಳು. ಮೊದಮೊದಲು ನಾನು ಮುಖ ತಿರುಗಿಸುತ್ತಿದ್ದೆ. ಅವಳು ಮಾತ್ರ "ದೊಡ್ಡವ್ವಾ, ಕೂಸನ್ನ ಒಂಚೂರು ನೋಡ್ಕೊ" ಎಂದು ನನ್ನ ಮಡಿಲಿಗೆ ಹಾಕಿ ಕೆಲಸಕ್ಕೆ ಹೋಗಿಬಿಡುತ್ತಿದ್ದಳು. ಕೂಸನ್ನು ಎತ್ತಿಕೊಂಡ ಕೈಯಲ್ಲಿ ಸಿಟ್ಟು ಎಷ್ಟು ದಿನ ನಿಂತೀತು?

ಕಳೆದ ತಿಂಗಳು ಓಣಿಯ ಬಾಯಿಗೆ ಪುರಸಭೆಯ ಗೆದ್ದಲು ಬಂದು ನಿಂತಿತು. ಗೋಡೆಯನ್ನು ಸದ್ದಿಲ್ಲದೆ ಮೆಲ್ಲುವ ಯಂತ್ರಕ್ಕೆ ನಾವು ಹಾಗೆನ್ನುತ್ತೇವೆ. ಜೊತೆಗೆ ಬಂದ ಹೊಸ ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು.

"ಅಮ್ಮಾ, ಅರ್ಜಿ ಹಾಕಿದವ್ರು ತೀರಿಕೊಂಡ್ರಂತ ಸಕ್ರಮದ ಅರ್ಜಿ ರದ್ದಾತು. ಕಡೀಗೂ ನಿಮಗ ನ್ಯಾಯ ಸಿಕ್ತು."

"ಬ್ಯಾಡವಾ! ಒಳಗ ಕೂಸು ಐತಿ. ದೂರು ನಂದು. ವಾಪಸ್ ತಗೋತೀನಿ."

ಅವಳು ಗಲಿಬಿಲಿಗೊಂಡಳು. "ಇಷ್ಟು ವರ್ಷ ಕಡತದಾಗ ಒಡೀರಿ ಅಂತ ಐತಿ. ಈಗ ಬ್ಯಾಡ ಅಂದ್ರ ನಾ ಏನಂತ ಬರೀಲಿ?"

ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತ ಎದ್ದು ನಿಂತು ಮಾತಾಡಿಸಿದ. ದೂರನ್ನು ಹಿಂದಕ್ಕೆ ಪಡೆಯಬಹುದು, ತೊಂದರೆಗೊಳಗಾದವರೇ ಬಂದು ಹೇಳಬೇಕು ಎಂದ. ಯಾರು ಎಂದೆ. "ಈರಮ್ಮ ಅಂತ ಐತ್ರೀ. ಅವ್ರನ್ನ ಕರ್ಕೊಂಡ್ ಬರ್ರಿ" ಎಂದ. ಅವನು ಚೇಷ್ಟೆ ಮಾಡಲಿಲ್ಲ. ಸತ್ತಿದ್ದಾರಪ್ಪ ಎಂದಾಗ ನಿಜಕ್ಕೂ ಮರುಗಿದ. ಹಾಗಾದರೆ ಏನೂ ಮಾಡಲಿಕ್ಕಾಗುವುದಿಲ್ಲ ಎಂದ.

ನಾನು ಮರಳುವಷ್ಟರಲ್ಲಿ ಚಂಪಾ ಪಾತ್ರೆ, ತೊಟ್ಟಿಲು, ಹಾಸಿಗೆ ಎಲ್ಲವನ್ನೂ ನನ್ನ ಮನೆಗೆ ಸಾಗಿಸಿದ್ದಳು. ಕೋಣೆಯ ಚಾವಣಿ ಹೋಗಿತ್ತು, ಗೋಡೆ ಮೊಣಕಾಲಿಗಿಳಿದಿತ್ತು. ಅವಳು ನನ್ನನ್ನೇ ನೋಡಿದಳು.

"ದೊಡ್ಡವ್ವಾ, ದೂರು ಕೊಟ್ಟಾಕಿ ನೀನಾ?"

"ಹೌದವಾ."

"ಯಾವಾಗ?"

"ನೀ ಇನ್ನ ಲಂಗಾ ಉಡತಿದ್ದಿ."

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ನಕ್ಕಳೋ ಅತ್ತಳೋ, ಕೇಳುವ ಧೈರ್ಯ ನನಗಾಗಲಿಲ್ಲ.

ಸಂಜೆ ಗಾಳಿ ಬಂತು. ಬಹಳ ವರ್ಷಗಳ ಮೇಲೆ ಬಂದ ಗಾಳಿ, ಗೋಡೆಯ ದೂಳನ್ನೂ ಹೊತ್ತು ತಂದಿತು. ಕೂಸು ಒಮ್ಮೆ ಸೀನಿ, ಕೈಕಾಲು ಚಾಚಿ ನಿದ್ದೆ ಹೋಯಿತು. ಚಂಪಾ ರೊಟ್ಟಿ ತಟ್ಟಲು ಕೂತಳು. ಈಗ ಅವಳಿರುವುದು ನಮ್ಮಲ್ಲಿಯೇ. ಕೋಣೆ ಒಡೆದದ್ದು ತಪ್ಪು ಎನ್ನಲು ಬಾಯಿ ಬರುವುದಿಲ್ಲ, ಕಟ್ಟಿದ್ದು ಸರಿ ಎನ್ನಲೂ ಬರುವುದಿಲ್ಲ. ನಾನು ಗೆದ್ದೆ ಎಂದು ಓಣಿಯವರು ಹೇಳುತ್ತಾರೆ. ಯಾರ ಮೇಲೆ ಗೆದ್ದೆ ಎಂದು ಅವರಿಗೂ ಗೊತ್ತಿಲ್ಲ.

ನಿಮ್ಮಲ್ಲಿ ಬೇಡುವುದು ಇಷ್ಟೇ. ಈ ನಿಯಮಗಳು ನಿಮ್ಮ ಕೈಯಲ್ಲಿ ಇನ್ನೂ ಹಸಿಯಾಗಿವೆ. ನಿಮ್ಮೂರಿನಲ್ಲಿ ಯಾರಾದರೂ ದೂರು ಕೊಟ್ಟರೆ, ಅವರಿಗೆ ಅದು ಬೇಕಾಗಿರುವಾಗಲೇ ಹೋಗಿ ನೋಡಿ. ಆಗುವುದಿಲ್ಲವಾದರೆ, ಆಗುವುದಿಲ್ಲ ಎಂದು ಅವರೆದುರಿಗೇ ಹೇಳಿ. ಹಾಗೆ ಹೇಳಿದ್ದರೆ ನಾನು ಅತ್ತೆಯ ಮಂಚವನ್ನು ಮಾಳಿಗೆಗಾದರೂ ಹತ್ತಿಸುತ್ತಿದ್ದೆ.

ನಿಮ್ಮವಳೇ,
ಹಂಪವ್ವ