ಕಪ್ಪು ಬಟ್ಟೆಯ ಮೇಲಿನ ಪುಡಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ

ಎರಡು ಅಂಗಿ ಮುಗಿದವು. ಮೂರನೆಯದರ ತೋಳು ಬಿಚ್ಚಬೇಕು — ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೊಲಿದಿಟ್ಟಿದ್ದೇನೆ. ಮನಸ್ಸೆಲ್ಲ ಆ ಮನೆಯ ಮೇಲೆ.

ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ. ಮಂಡಿ ಹಿಡಿದುಕೊಂಡು ಎಂಟು ತಿಂಗಳು. ಈ ಮೂರನೇ ಮಹಡಿಯಿಂದ ಆಸ್ಪತ್ರೆಗೆ ಬಿಟ್ಟರೆ ಇಳಿದಿಲ್ಲ. ಆಗಲೂ ಇವರೇ ಅಮ್ಮನನ್ನು ಬೆನ್ನ ಮೇಲೆ ಹೊತ್ತು ಇಳಿಸಿದ್ದು. ನಾವು ಕೊಳ್ಳಬೇಕೆಂದಿರುವ ಮೇಷ್ಟ್ರ ಮನೆಗೆ ಒಂದು ಮೆಟ್ಟಿಲೂ ಇಲ್ಲ. ಹಳೆಯ ಮರದ ಮನೆ, ಹಿಂದೆ ಚಿಕ್ಕ ಅಂಗಳ. ಮೇಷ್ಟ್ರು ಮಗಳ ಹತ್ತಿರ ಹೋಗುತ್ತಾರಂತೆ, ಅದಕ್ಕೇ ಮಾರುತ್ತಿದ್ದಾರೆ. ಅದು ಸಿಕ್ಕಿಬಿಟ್ಟರೆ ಅತ್ತೆ ಮಣ್ಣಿನ ಮೇಲೆ ಕಾಲಿಡುತ್ತಾರೆ. ನನಗೆ ಬೇಕಾದ್ದು ಅಷ್ಟೇ.

ಸಾಲ ಕೊಡುವ ಬ್ಯಾಂಕಿನವರದು ಒಂದೇ ಹಟ: ಮರಕ್ಕೆ ಹುಳ ಹಿಡಿದಿಲ್ಲ ಅಂತ ಸರ್ಟಿಫಿಕೇಟ್ ತನ್ನಿ. ನಾಳೆ ಪರೀಕ್ಷೆ ಮಾಡುವವರು ಬರುತ್ತಾರೆ.

ಮಾರ್ಚ್ 4, ಮಂಗಳವಾರ

ಬಂದವರು ಮೊದಲು ಬಡಗಿಯಾಗಿದ್ದರಂತೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಾಗಿಲು, ಕಿಟಕಿ, ನೆಲದ ಹಲಗೆ, ಎಲ್ಲ ಕಡೆ ಟಕ್ ಟಕ್. ಕಿವಿಯಿಟ್ಟು ಕೇಳುವುದು. ಮತ್ತೆ ಟಕ್ ಟಕ್. ಅವರಿಗೆ ನಾನಿಟ್ಟ ಹೆಸರು ಟಕ್‌ಟಕ್. ಡೈರಿಯಲ್ಲಿ ಮಾತ್ರ.

ಹಲಗೆ ಎತ್ತಿಸಿ, ಟಾರ್ಚ್ ಹಿಡಿದು, ನೆಲದಡಿ ತೆವಳಿಕೊಂಡು ಹೋದರು. ತಲೆತುಂಬ ಜೇಡರ ಬಲೆ ಹೊತ್ತು ಬಂದರು. "ಗೆದ್ದಲಿಲ್ಲ." ಹೋದ ಜೀವ ಬಂತು ನನಗೆ. ಆಮೇಲೆ ಹಿಂದಿನ ಕೋಣೆಯ ತೊಲೆ ನೋಡಲು ಏಣಿ ಹತ್ತಿದರು. ಎಷ್ಟು ಹೊತ್ತಾದರೂ ಇಳಿಯಲಿಲ್ಲ.

"ಏನಾದ್ರೂ ಇದೆಯಾ?" ಎಂದೆ.

"ತೂತಿವೆ ಅಮ್ಮಾ, ಸೂಜಿ ಚುಚ್ಚಿದ ಹಾಗೆ. ಮರ ಕೊರೆಯೋ ಹುಳದ್ದು. ಹಳೇದೋ ಹೊಸದೋ ಗೊತ್ತಾಗ್ತಿಲ್ಲ, ಪೇಂಟ್ ದಪ್ಪ ಇದೆ. ಹುಳ ಬದುಕಿದ್ರೆ ಪುಡಿ ಉದುರುತ್ತೆ. ಒಂದು ಕಪ್ಪು ಬಟ್ಟೆ ಇದ್ರೆ ಕೊಡಿ, ಕೆಳಗೆ ಹಾಸೋಣ. ಒಂದು ವಾರ ಯಾರೂ ಮುಟ್ಟಬಾರದು."

ಸರಿಯಾದವಳನ್ನೇ ಕೇಳಿದರು. ಕೋಟಿನ ಲೈನಿಂಗ್ ತುಂಡು ಚೀಲದಲ್ಲೇ ಇತ್ತು. "ಪೊರಕೇನೂ ಒಳಗೆ ಬಿಡಲ್ಲ" ಎಂದರು ಮೇಷ್ಟ್ರು.

ಮಾರ್ಚ್ 8, ಶನಿವಾರ. ನಾಲ್ಕು ಗಂಟೆ

ಪರದೆಗೆ ಕಿಟಕಿ ಅಳೆದು ಬಂದೆ. "ಮೊದಲು ಮನೆ ಬರಲಿ ಕಣೇ" ಅಂತ ಇವರು ನಕ್ಕರು. ನಗಲಿ. ಹಿಂದಿನ ಕೋಣೆ ಅತ್ತೆಯದು. ಮಂಚ ತೊಲೆಯ ಕೆಳಗೇ ಬರುತ್ತದೆ. ಅಲ್ಲಿಂದ ಅಂಗಳಕ್ಕೆ ನೇರ ಬಾಗಿಲು.

ಐದೂವರೆ

ಈಗ ಚೀಲ ಬಿಚ್ಚಿದೆ. ಟೇಪು, ಚಾಕ್ ಹೊರಗಿಟ್ಟೆ. ಆ ಚಾಕನ್ನೇ ತಿರುಗಿಸಿ ತಿರುಗಿಸಿ ನೋಡಿದೆ.

ಅಲ್ಲಿ ಕಿಟಕಿ ಅಳೆಯುವಾಗ, ತೊಲೆಯ ಕೆಳಗೆ ಹಾಸಿದ್ದ ಆ ಕಪ್ಪು ಬಟ್ಟೆಯ ಮೇಲೆ ಬಿಳಿ ಪುಡಿ ಇತ್ತು. ಒಂದು ಚಿಟಿಕೆಯಷ್ಟು. ನನ್ನ ಚಾಕೇ ಉದುರಿದ್ದು ಅಂದುಕೊಂಡು ಬಟ್ಟೆ ಎತ್ತಿ, ಫಟ್ಟನೆ ಕೊಡವಿ, ಮತ್ತೆ ಹಾಸಿದೆ. ಇಪ್ಪತ್ತು ವರ್ಷದ ಅಭ್ಯಾಸ. ಕಪ್ಪು ಬಟ್ಟೆಯ ಮೇಲೆ ಬಿಳಿ ಕಂಡರೆ ಕೈ ಸುಮ್ಮನಿರುವುದಿಲ್ಲ.

ಇವತ್ತು ಒಯ್ದಿದ್ದ ಚಾಕ್ ನೀಲಿ.

ಮಾರ್ಚ್ 11, ಮಂಗಳವಾರ

ಟಕ್‌ಟಕ್ ಮಂಡಿಯೂರಿ, ಭೂತಕನ್ನಡಿ ಹಿಡಿದು ಬಟ್ಟೆ ನೋಡಿದರು. ಎರಡು ಮೂರು ಕಣ. "ಇಷ್ಟು ಧೂಳು ಎಲ್ಲ ಮನೇಲೂ ಇರುತ್ತೆ. ಹುಳ ಸತ್ತು ಯಾವ ಕಾಲ ಆಯ್ತೋ. ಶುಕ್ರವಾರ ಸರ್ಟಿಫಿಕೇಟ್ ಕಳಿಸ್ತೀನಿ."

ಮೇಷ್ಟ್ರ ಮುಖ ಅರಳಿತು. ಇವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಾನು ಬಾಯಿಗೆ ಹೊಲಿಗೆ ಹಾಕಿಕೊಂಡು ನಿಂತಿದ್ದೆ.

ಹೇಳಿದರೆ ಮನೆ ಕೈತಪ್ಪುತ್ತದೆ. ಹೇಳದಿದ್ದರೆ... ಆ ತೊಲೆ, ಅದರ ಕೆಳಗೆ ಆ ಮಂಚ.

ಮಾರ್ಚ್ 13, ಗುರುವಾರ

ಎರಡು ದಿನದಿಂದ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದೇನೆ. ಅತ್ತೆ ಬೇರೆ ಈ ಗೋಡೆಯಿಂದ ಆ ಗೋಡೆಗೆ ಕೋಲೂರಿಕೊಂಡು ನಡೆಯುತ್ತಿದ್ದಾರೆ. "ಅಂಗಳಕ್ಕೆ ಹೋದ ಮೊದಲನೇ ದಿನವೇ ಬಿದ್ದರೆ ಮಾನ ಹೋಗುತ್ತೆ, ಅದಕ್ಕೇ ಪ್ರಾಕ್ಟೀಸು."

ತಡೆಯಲಾಗಲಿಲ್ಲ. ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡೆ. ಕುರ್ಚಿಗೆ ಹೋಗಿ ಕೂತು ಮಂಡಿ ನೀವಿಕೊಂಡರು.

"ಅಲ್ಲ ಕಣೇ, ಎಂಟು ತಿಂಗಳು ಕೂತೋಳಿಗೆ ಇನ್ನೆರಡು ತಿಂಗಳು ಕೂರೋದು ದೊಡ್ಡದಾ? ಮನೆ ಹೋದ್ರೆ ಇನ್ನೊಂದು ನೋಡೋಣ. ಫೋನ್ ಮಾಡು. ಮೊದಲು ಮೂಗು ಒರೆಸ್ಕೋ."

ಟಕ್‌ಟಕ್‌ಗೆ ಫೋನ್ ಮಾಡಿ ತೊದಲಿದೆ. ಅವರು ಕೇಳಿದ್ದು ಒಂದೇ: "ಪುಡಿ ಹಿಟ್ಟಿನ ಹಾಗಿತ್ತಾ, ಹರಳು ಹರಳಾಗಿತ್ತಾ?"

"ಹಿಟ್ಟಿನ ಹಾಗೆ."

"ಹಾಗಿದ್ರೆ ಅದು ಹುಳದ್ದೇ. ನಾಳೆ ಬರ್ತೀನಿ. ಹೇಳಿದ್ದು ಒಳ್ಳೇದಾಯ್ತಮ್ಮಾ."

ಮಾರ್ಚ್ 14, ಶುಕ್ರವಾರ

ಟಕ್‌ಟಕ್ ಮೇಷ್ಟ್ರನ್ನು ಕೇಳಿ ತೊಲೆಯ ಪೇಂಟ್ ಕೆರೆದರು. ಸ್ಕ್ರೂಡ್ರೈವರ್ ಒತ್ತಿದರು. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಬೊಗಸೆ ತುಂಬ ಹಿಟ್ಟು ಸುರಿಯಿತು.

ಮೇಷ್ಟ್ರು ಏಣಿ ಹಿಡಿದುಕೊಂಡೇ ನಿಂತುಬಿಟ್ಟರು. "ಇದರ ಕೆಳಗೆ ಹನ್ನೊಂದು ವರ್ಷ ಮಲಗಿದೀನಿ ನಾನು."

ನಮ್ಮ ವ್ಯವಹಾರ ಸಾಕು, ಹೋಗಿ ಅನ್ನುತ್ತಾರೆ ಅಂತ ಕಾಯುತ್ತಿದ್ದೆ. "ತೊಲೆ ನಾನೇ ಹಾಕಿಸ್ತೀನಿ" ಎಂದರು. "ಅಲ್ಲೀವರೆಗೂ ಬೇರೆ ಯಾರಿಗೂ ಮನೆ ತೋರಿಸಲ್ಲ. ನಿಮ್ಮತ್ತೆಗೆ ಕಾಯಕ್ಕೆ ಹೇಳಿ."

ಉಳಿದ ಮರ ಗಟ್ಟಿಯಿದೆಯಂತೆ. ಔಷಧಿ ಹೊಡೆಸಿ ಹೊಸ ತೊಲೆ ಕೂರಿಸಿದ ಮೇಲೆ ಟಕ್‌ಟಕ್ ಮತ್ತೆ ನೋಡಿ ಬರೆದುಕೊಡುತ್ತಾರೆ. ನಾನು ಅವರಲ್ಲಿ ಕ್ಷಮೆ ಕೇಳಿದೆ. "ತಪ್ಪು ನಂದೂ ಇದೆ" ಎಂದರು. "ಟೈಲರ್ ಮುಂದೆ ಕಪ್ಪು ಬಟ್ಟೆ ಹಾಸಿ ಮುಟ್ಟಬೇಡಿ ಅಂದ್ರೆ ಆಗುತ್ತಾ?"

ಇವರೆಲ್ಲರ ಹೊಟ್ಟೆ ತಣ್ಣಗಿರಲಿ. ಬಸ್ಸಿನಲ್ಲಿ ಕಣ್ಣೀರು ನಿಲ್ಲಲೇ ಇಲ್ಲ. ಪಕ್ಕದ ಸೀಟಿನಾಕೆ ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಇಳಿಯುವವರೆಗೂ ಸಮಾಧಾನ ಮಾಡಿದರು. ಅವರಿಗೂ ಒಳ್ಳೆಯದಾಗಲಿ.

ಮೇ 18, ಭಾನುವಾರ. ಬೆಳಿಗ್ಗೆ ಆರೂವರೆ

ಹೊಸ ಮನೆಯಲ್ಲಿ ಮೊದಲ ಬೆಳಗು. ಹೊಲಿಗೆ ಮಿಷನ್ ಅಡುಗೆಮನೆಯಲ್ಲಿದೆ, ಕುಕ್ಕರ್ ಎಲ್ಲಿದೆಯೋ ಗೊತ್ತಿಲ್ಲ. ಕಾಲಿಟ್ಟಲ್ಲೆಲ್ಲ ಗಂಟುಮೂಟೆ. ಇವರದು ಗೊರಕೆ. ಮನೆತುಂಬ ಹೊಸ ಮರದ ವಾಸನೆ. ಮೇಷ್ಟ್ರು ನಿನ್ನೆ ಬೀಗದ ಕೈ ಕೊಡುವಾಗ ಥ್ಯಾಂಕ್ಸ್ ಅನ್ನಲು ಹೋಗಿ ಬರೀ ತಲೆ ಅಲ್ಲಾಡಿಸಿದೆ, ದಡ್ಡಿಯ ಹಾಗೆ. ಎಷ್ಟು ಜನರ ಋಣ ಈ ಸೂರಿನ ಮೇಲೆ.

ಇವರು ಎದ್ದ ಮೇಲೆ ಇಬ್ಬರೂ ರಟ್ಟೆ ಹಿಡಿದುಕೊಂಡು ಅತ್ತೆಯನ್ನು ಅಂಗಳಕ್ಕೆ ಕರೆದುಕೊಂಡು ಹೋಗಬೇಕು. ನಿಧಾನವಾಗಿ. ಎಡಗಡೆ ನಾನು —

ಹಿಂದಿನ ಬಾಗಿಲು ಕಿರ್ರೆಂದಿತು.

ಇವರು ಇಲ್ಲೇ ಇದ್ದಾರೆ. ಹಾಗಾದರೆ...

"ಎದ್ದಿದೀಯೇನೇ? ಆ ಪುಸ್ತಕ ಮುಚ್ಚಿ ಬಾ ಇಲ್ಲಿ. ಚಪ್ಪಲಿ ಬಿಟ್ಟು ಬಾ. ಮಣ್ಣು ಎಷ್ಟು ತಣ್ಣಗಿದೆ ಗೊತ್ತಾ?"

ಬಂದೆ ಅತ್ತೆ ಎಂದು ಕೂಗಿದೆ. ನಾನೂ ಬರಿಗಾಲಲ್ಲೇ ಹೊರಟೆ.